ಕೈಯಿಟ್ಟು ನೋಡದ ರಿಪೇರಿ

ಹಂಪ್ ಇಳಿಯುವಾಗ, ಕಿತ್ತುಹೋದ ಡಾಂಬರಿನ ಮೇಲೆ ನಿಧಾನವಾಗಿ ಹೋಗುವಾಗ ಸ್ಟೀರಿಂಗಿನಲ್ಲಿ ಟಕ್ ಟಕ್ ಬಡಿತ ಶುರುವಾಗುತ್ತದೆ. ಕಾರನ್ನು ದೊಡ್ಡ ವರ್ಕ್‌ಶಾಪಿಗೆ ಒಯ್ದರೆ ‘ರ‍್ಯಾಕ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು’ ಎಂಬ ಎಸ್ಟಿಮೇಟು ಕೈಗೆ ಬರುತ್ತದೆ. ರಸ್ತೆಬದಿಯ ಗ್ಯಾರೇಜಿಗೆ ಒಯ್ದರೆ ‘ಒಂಚೂರು ಟೈಟ್ ಮಾಡಿದ್ರೆ ಸರಿಹೋಗತ್ತೆ ಬಿಡಿ’ ಎನ್ನುತ್ತಾರೆ. ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ಇಬ್ಬರೂ ಹುಡುಕಿರುವುದಿಲ್ಲ. ನಮ್ಮ ವಾಹನ ರಿಪೇರಿಯ ದೊಡ್ಡ ಕೊರತೆ ಇರುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಡುಕುವುದು ಸುಲಭವಲ್ಲ, ನಿಜ. ಸ್ಟೀರಿಂಗ್ ಚಕ್ರದಿಂದ ಗಾಲಿಯವರೆಗೆ ಕಾಲಮ್, ಅದರ ಕೆಳಗೆ ಯುನಿವರ್ಸಲ್ ಜಾಯಿಂಟ್ ಇರುವ ಇಂಟರ್‌ಮೀಡಿಯೆಟ್ ಶಾಫ್ಟ್, ಪಿನಿಯನ್, ರ‍್ಯಾಕ್, ಬುಷ್, ರ‍್ಯಾಕ್ ಎಂಡ್, ಟೈ ರಾಡ್ ಎಂಡ್ ಹೀಗೆ ಕೀಲಿಗೆ ಕೀಲು ಸೇರಿಕೊಂಡಿದೆ. ಪಕ್ಕದಲ್ಲೇ ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋಯರ್ ಆರ್ಮಿನ ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಇವೆ. ಕಬ್ಬಿಣದಲ್ಲಿ ಸದ್ದು ಹರಿದು ಎಲ್ಲೋ ಕೇಳಿಸುತ್ತದೆ. ಸ್ಟೀರಿಂಗ್ ಹಾಳಾಗಿದೆ ಎಂದು ಬಂದ ಕಾರಿನಲ್ಲಿ ಸವೆದಿರುವುದು ಬರೀ ಲಿಂಕ್ ರಾಡ್ ಆಗಿರುವುದೂ ಉಂಟು.

ಇಷ್ಟಾದರೂ ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಡ. ಕಾರು ತನ್ನ ಗಾಲಿಗಳ ಮೇಲೇ ನಿಂತಿರಬೇಕು. ಅಂದರೆ ಪಿಟ್ ಬೇಕು, ಇಲ್ಲವೇ ಗಾಲಿಗಳ ಕೆಳಗೆ ಹಲಗೆಯಿರುವ ಲಿಫ್ಟ್ ಬೇಕು. ಗಾಲಿಗಳನ್ನು ಜೋತುಬಿಟ್ಟು ಎತ್ತಿದರೆ ಕೀಲುಗಳ ಮೇಲಿನ ಭಾರವೇ ಬದಲಾಗಿ, ನೆಲದ ಮೇಲೆ ಬಡಿಯುತ್ತಿದ್ದ ಜಾಗ ಸುಮ್ಮನಾಗಿಬಿಡಬಹುದು. ಒಬ್ಬ ಒಳಗೆ ಕೂತು, ಎಂಜಿನ್ ಚಾಲೂ ಇಟ್ಟು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪಸ್ವಲ್ಪವೇ ತೂಗಾಡಿಸಬೇಕು. ಇನ್ನೊಬ್ಬ ಕೆಳಗಿನಿಂದ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತ ಹೋಗಬೇಕು. ರ‍್ಯಾಕ್ ಎಂಡ್ ರಬ್ಬರ್ ಬೂಟಿನೊಳಗೆ ಅಡಗಿರುತ್ತದೆ. ಬೂಟನ್ನು ಹಿಚುಕಿ ಹಿಡಿದರೆ ಅದರ ಆಟವೂ ಕೈಗೆ ತಿಳಿಯುತ್ತದೆ. ಕಿವಿ ಮೋಸಹೋಗುವ ಕಡೆ ಬೆರಳು ಸುಳ್ಳು ಹೇಳುವುದು ಕಡಿಮೆ. ಆಮೇಲೆ ಗಾಲಿ ಎತ್ತಿ, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಮಾತ್ರ ಲಟಲಟ ಅಂದರೆ ಅನುಮಾನ ಟೈ ರಾಡಿನ ಕಡೆಗೆ. 12 ಮತ್ತು 6ರಲ್ಲಿ ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಕಡೆಗೆ. ಅನುಭವಿ ಮೆಕ್ಯಾನಿಕ್ಕಿಗೆ ಇದೆಲ್ಲ ಬೇಗ ಮುಗಿಯುವ ಕೆಲಸ. ಆದರೂ ಮಾಡುವವರು ಕಡಿಮೆ.

‘ಟೈಟ್ ಮಾಡುವ’ ಪದ್ಧತಿಯ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ರ‍್ಯಾಕಿನ ಹಲ್ಲು ಪಿನಿಯನ್ನಿಗೆ ಒತ್ತಿಕೊಂಡೇ ಇರಲೆಂದು ಹಿಂದೆ ಸ್ಪ್ರಿಂಗ್ ಇಟ್ಟ ಯೋಕ್ ಒಂದಿರುತ್ತದೆ. ಅದರ ತಿರುಪನ್ನು ಎಷ್ಟು ಬಿಗಿಯಬೇಕು, ಬಿಗಿದು ಎಷ್ಟು ಡಿಗ್ರಿ ಹಿಂದಕ್ಕೆ ತಿರುಗಿಸಬೇಕು ಎಂಬುದು ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಅಂದಾಜಿನಲ್ಲಿ ಸ್ಪ್ಯಾನರ್ ತಿರುಗಿಸಿದರೂ ಸದ್ದು ನಿಂತುಬಿಡುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆದರೆ ಕಾರು ಹೆಚ್ಚು ಓಡುವುದು ನೇರವಾಗಿ, ಹಾಗಾಗಿ ರ‍್ಯಾಕ್ ಹೆಚ್ಚು ಸವೆಯುವುದು ನಡುವೆ. ನಡುವಿನ ಸಡಿಲಕ್ಕೆ ತಕ್ಕಂತೆ ಬಿಗಿದರೆ ಸವೆಯದ ತುದಿಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಘಾಟಿ ರಸ್ತೆಯಲ್ಲಿ ಇದರ ಅರ್ಥವೇನು ಎಂದು ಚಾರ್ಮಾಡಿ ಇಳಿದವರಿಗೆ ವಿವರಿಸಬೇಕಿಲ್ಲ.

ಅಸೆಂಬ್ಲಿ ಬದಲಿಸುವವರದು ಇನ್ನೊಂದು ಬಗೆಯ ಅವಸರ. ಹ್ಯುಂಡೈಯ ಹಲವು ಮಾದರಿಗಳಲ್ಲಿ ಎಲೆಕ್ಟ್ರಿಕ್ ಸ್ಟೀರಿಂಗ್ ಮೋಟರ್ ಕಾಲಮ್ಮಿನ ಮೇಲೇ ಇದೆ. ಮೋಟರಿಗೂ ವರ್ಮ್ ಗೇರಿಗೂ ನಡುವೆ ಚಿಕ್ಕದೊಂದು ರಬ್ಬರ್ ಕಪ್ಲಿಂಗ್. ಅದು ಪುಡಿಯಾದರೆ ಸ್ಟೀರಿಂಗ್ ಆಡಿಸಿದಾಗಲೆಲ್ಲ ಕಟಕಟ ಸದ್ದು. ಕಾಲಮ್ ಬಿಚ್ಚುವ ಶ್ರಮ ಇದ್ದೇ ಇದೆ, ಆದರೆ ಬದಲಿಸಬೇಕಾದದ್ದು ಆ ರಬ್ಬರನ್ನಷ್ಟೇ. ಅದು ಗೊತ್ತಿಲ್ಲದವರಿಗೆ ಇಡೀ ಕಾಲಮ್ಮೇ ಹಾಳಾದಂತೆ ಕಾಣುತ್ತದೆ.

ತಪ್ಪೆಲ್ಲ ಗ್ಯಾರೇಜಿನದೇ ಎಂದರೆ ಅನ್ಯಾಯವಾದೀತು. ಬಿಡಿಭಾಗಕ್ಕೆ ತಕರಾರಿಲ್ಲದೆ ದುಡ್ಡು ಕೊಡುವ ನಾವು ಹುಡುಕಾಟಕ್ಕೆ ಕೊಡಲು ಸಿದ್ಧರಿಲ್ಲ. ಮುಕ್ಕಾಲು ಗಂಟೆ ಕಾರಿನ ಕೆಳಗೆ ಕಳೆದವನು ಸಡಿಲಾದ ಒಂದು ಬೋಲ್ಟು ಬಿಗಿದು ಬಿಲ್ಲು ಕೊಟ್ಟರೆ ‘ಏನೂ ಹಾಕಿಲ್ಲವಲ್ಲ, ದುಡ್ಡು ಯಾಕೆ?’ ಎನ್ನುತ್ತೇವೆ. ಮುಂದಿನ ಸಲ ಅವನು ಒಂದು ಭಾಗ ಹಾಕಿಯೇ ಬಿಲ್ಲು ಬರೆಯುತ್ತಾನೆ. ಪತ್ತೆಹಚ್ಚುವುದಕ್ಕೇ ಪ್ರತ್ಯೇಕ ದರ ಇರಲಿ, ಅದನ್ನು ನಾವು ಮನಸಾರೆ ಕೊಡೋಣ. ಅದರಲ್ಲಿ ನಮಗೇ ಉಳಿತಾಯ.

ಕಾರಣ ಸಿಕ್ಕ ಮೇಲೂ ಒಳ್ಳೆಯ ಕೆಲಸಗಾರ ಎರಡು ಕಡೆ ಎಚ್ಚರವಿರುತ್ತಾನೆ. ಇಂಟರ್‌ಮೀಡಿಯೆಟ್ ಶಾಫ್ಟ್ ಬಿಚ್ಚುವ ಮೊದಲು ಸ್ಟೀರಿಂಗ್ ಚಕ್ರ ತಿರುಗದಂತೆ ಕಟ್ಟುತ್ತಾನೆ, ಏಕೆಂದರೆ ಅದು ಅಂಕೆಯಿಲ್ಲದೆ ಸುತ್ತಿದರೆ ಏರ್‌ಬ್ಯಾಗಿಗೆ ಸಂಪರ್ಕ ಕೊಡುವ ಕ್ಲಾಕ್ ಸ್ಪ್ರಿಂಗ್ ತುಂಡಾಗುತ್ತದೆ. ಇನ್ನು ಟೈ ರಾಡ್ ಎಂಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಕೀಲಿ ಕೊಡುವುದಿಲ್ಲ. ಟೋ ತಪ್ಪಿದ ಕಾರಿನಲ್ಲಿ ಹೊಸ ಟಯರಿನ ಒಂದು ಅಂಚು ಎಷ್ಟು ಬೇಗ ಬೋಳಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.