ಯುವನಿಧಿಯ ಲೆಕ್ಕಕ್ಕೆ ಸಿಗದ ದಿನಗಳು

ಹಾವೇರಿ ಜಿಲ್ಲೆಯ ಹಾನಗಲ್ಲಿನ ಭತ್ತದ ಸೀಮೆಯಲ್ಲಾಗಲಿ, ಹಿರೇಕೆರೂರಿನ ಗೋವಿನಜೋಳದ ಹಳ್ಳಿಗಳಲ್ಲಾಗಲಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗನ ಬಗ್ಗೆ ಊರಿನ ಮಾತು ಒಂದೇ: ‘ಖಾಲಿ ಅದಾನ.’ ಅಪ್ಪನ ಜೊತೆ ಹೊಲಕ್ಕೆ ಹೋದರೂ, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿದರೂ ಅವನು ಖಾಲಿಯೇ. ಯುವನಿಧಿಯನ್ನು ಈ ಮಾತಿನ ಎದುರಿಗಿಟ್ಟೇ ತೂಗಬೇಕು.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ರಾಜ್ಯ ಸರ್ಕಾರದ ಯೋಜನೆ ಇದು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. ಈ ಹಣವನ್ನು ಹಗುರವಾಗಿ ಕಾಣುವುದು ತಪ್ಪು. ಶಿಗ್ಗಾವಿಯಿಂದ ಹುಬ್ಬಳ್ಳಿಗೆ ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜು, ಪರೀಕ್ಷೆಯ ಶುಲ್ಕ, ಮೊಬೈಲ್ ರೀಚಾರ್ಜು, ಇಷ್ಟಕ್ಕೆ ಅಪ್ಪನ ಮುಂದೆ ಕೈಚಾಚದೆ ಇರುವುದೂ ಮನಸ್ಸಿಗೆ ದೊಡ್ಡ ಆಸರೆ. ಆದರೆ ಹಣ ನಿಲ್ಲಬಾರದೆಂದರೆ ‘ಕೆಲಸ ಸಿಕ್ಕಿಲ್ಲ’ ಎಂದು ಸ್ವಯಂ ಘೋಷಣೆ ಕೊಡುತ್ತಲೇ ಇರಬೇಕು. ದುರ್ಬಳಕೆ ತಡೆಯಲು ಅದು ಬೇಕು, ನಿಜ. ಊರು ಆಡುವ ಮಾತನ್ನೇ ಹುಡುಗ ಮತ್ತೆ ಮತ್ತೆ ತಾನೇ ಬರೆದುಕೊಡುವಂತಾಗುತ್ತದೆ, ಅದೂ ನಿಜ.

ಇತ್ತ ಉದ್ಯೋಗ ಖಾತ್ರಿಯ ಕೆಲಸ. 2005ರ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಕೊಟ್ಟಿತು. ಆ 100 ದಿನ ಇಡೀ ಮನೆಯದಾಗಿತ್ತು. ಬದು ಹಾಕಲು, ಕೆರೆ ಹೂಳೆತ್ತಲು ಅವ್ವ ಹೋದರೆ ಮಗನ ಪಾಲು ಅಷ್ಟಕ್ಕಷ್ಟೇ. ಸಾಲ ಮಾಡಿ ಓದಿಸಿದ ಮನೆಯವರೇ ಅವನ ಕೈಗೆ ಗುದ್ದಲಿ ಕೊಡಲು ಒಪ್ಪುವುದಿಲ್ಲ.

ಕೆಲಸವಿಲ್ಲದ ದಿನಗಳು ಮನುಷ್ಯನಿಂದ ಏನೇನು ಕಿತ್ತುಕೊಳ್ಳುತ್ತವೆ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನ ಗಿರಣಿ ಮುಚ್ಚಿದ ಮೇಲೆ ಸಂಶೋಧಕಿ ಮರೀ ಯಹೋಡ ಮತ್ತು ಸಂಗಡಿಗರು ಅಲ್ಲಿನ ಬದುಕನ್ನು ಅಧ್ಯಯನ ಮಾಡಿದರು. ಕೈತುಂಬ ಸಮಯವಿದ್ದೂ ಜನ ಗ್ರಂಥಾಲಯದ ಪುಸ್ತಕ ಓದುವುದನ್ನು ಕಡಿಮೆ ಮಾಡಿದ್ದರು. ಗಂಡಸರ ನಡಿಗೆಯೂ ನಿಧಾನವಾಗಿತ್ತು. ಕೂಲಿಯ ಜೊತೆಗೆ ದಿನದ ಕಟ್ಟು, ನಾಲ್ಕು ಜನರ ಒಡನಾಟವೂ ಹೋಗಿತ್ತು. ಯುವನಿಧಿ ತುಂಬಿಕೊಡದೆ ಬಿಟ್ಟಿರುವುದು ಇದನ್ನೇ.

ಹೀಗೆ ಕುಗ್ಗಿದ ಮನಸ್ಸಿಗೆ ನೆರವೇ ಇಲ್ಲವೆಂದಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಸಿಗಲೆಂದು ‘ಮನೋಚೈತನ್ಯ’ ಬಂತು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಎರಡೂ ಬೇಕು. ಆದರೆ ಸವಣೂರಿನಂಥ ಊರಲ್ಲಿ ಮನೋವೈದ್ಯರ ಸಾಲಿನಲ್ಲಿ ಕುಳಿತವನನ್ನು ಯಾರಾದರೂ ಗುರುತು ಹಿಡಿದೇ ಹಿಡಿಯುತ್ತಾರೆ. ಹೆಣ್ಣು ನೋಡುವ ವಯಸ್ಸಿನ ಹುಡುಗ ಆ ಕಡೆ ಸುಳಿಯುವುದು ಕಷ್ಟ.

ಭತ್ಯೆಯನ್ನು ಕಿತ್ತುಕೊಳ್ಳಬಾರದು, ಅದರ ಜೊತೆಗೆ ಇಷ್ಟಪಟ್ಟವರು ಮಾಡಬಹುದಾದ ಕೆಲಸವನ್ನೂ, ಅದರ ಕೂಲಿಯನ್ನೂ ಸೇರಿಸಬೇಕು. ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡಲು ಜನ ಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಸುತ್ತಲ ಹಳ್ಳಿಯ ಹಾಡುಗಾರ್ತಿಯರ ಹಾಡು ಧ್ವನಿಮುದ್ರಿಸಿ, ಬರೆದಿಡಲು ಓದಿದವರೇ ಬೇಕು. ಆಗ ಆ ಹುಡುಗ ಸಹಿ ಹಾಕುವುದು ಹಾಜರಿ ಪುಸ್ತಕದಲ್ಲಿ.