ದೊಡ್ಡವರು ಮಕ್ಕಳಿಗಾಗಿ ಆಡುವ ಆಟ

ಪ್ರಶಾಂತ್ ಸಿದ್ದಿಯವರ ಮುಖ ‘ಪರಮಾತ್ಮ’ (2011) ನೋಡಿದ ನಮ್ಮ ಹುಳಿಯಾರಿನವರಿಗೂ ಗೊತ್ತು; ಅವರು ಹೆಗ್ಗೋಡಿನ ನೀನಾಸಂನಲ್ಲಿ ಪಳಗಿದ ರಂಗನಟ ಎಂಬುದು ಅಷ್ಟಾಗಿ ಗೊತ್ತಿಲ್ಲ. ಗಿರಿಜಾ ಸಿದ್ದಿಯವರ ದನಿಯೂ ಹಾಗೆಯೇ. ‘ಸಲಗ’ದ (2021) ಹಾಡಿನ ಜೊತೆ ಅದು ಊರೂರಿಗೆ ಬಂತು, ಆಕೆ ನಟಿಯೆಂಬ ಸುದ್ದಿ ಹಿಂದೆಯೇ ಉಳಿಯಿತು. ಇವರಿಬ್ಬರ ಸಮುದಾಯವಾದ, ಆಫ್ರಿಕ ಮೂಲದ ಸಿದ್ದಿಗಳಿಗೂ ನಾಟಕಕ್ಕೂ ನಂಟು ಹಳೆಯದು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳಿಂದಲೇ ಚಿನುವ ಅಚೆಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಆಡಿಸಿದ್ದರು. ನಾಟಕ ಅವರಿಂದ ದನಿ, ನಡಿಗೆ, ಲಯ ಕೇಳಿತು. ಸಿನಿಮಾ ಮೊದಲು ನೋಡುವುದು ಮೈಬಣ್ಣವನ್ನು. ಆ ಬಣ್ಣಕ್ಕೆ ಅದು ಸಾಮಾನ್ಯವಾಗಿ ಎತ್ತಿಟ್ಟಿರುವುದು ನಗಿಸುವವನ ಪಾತ್ರ, ಇಲ್ಲವೇ ರೌಡಿಯ ಬಲಗೈ.

ಈ ನೋಟ ಸರಿಹೋಗಬೇಕಾದ ಜಾಗ ಮಕ್ಕಳ ಟೀವಿ. ಆಸ್ಟ್ರೇಲಿಯಾದ ಲ್ಯೂಕ್ ಕ್ಯಾರಲ್ ವಿರಾಡ್ಜುರಿ ಮೂಲನಿವಾಸಿ, ರಂಗನಟ, ‘ಆಸ್ಟ್ರೇಲಿಯನ್ ರೂಲ್ಸ್’ (2002) ಚಿತ್ರದ ನಟ. ಅಲ್ಲಿನ ಎಳೆಯರಿಗೆ ಮಾತ್ರ ಆತ 1966ರಿಂದ ನಡೆದುಬಂದ ‘ಪ್ಲೇ ಸ್ಕೂಲ್’ನಲ್ಲಿ ಗೊಂಬೆಗಳ ಜೊತೆ ಕೂತು ಕತೆ ಹೇಳುವ, ಹಾಡುವ ಮಾಮ. ಬುಡಕಟ್ಟು, ಬಣ್ಣ ಎಂಬ ಮಾತುಗಳು ಕಿವಿಗೆ ಬೀಳುವ ಮೊದಲೇ ಮಗುವಿಗೆ ಅವನ ಪರಿಚಯವಾಗಿರುತ್ತದೆ. ನಮ್ಮಲ್ಲಿ 2009ರಲ್ಲಿ ಬಂದ ಮಕ್ಕಳ ವಾಹಿನಿ ಚಿಂಟು ಬಹುಪಾಲು ಡಬ್ ಮಾಡಿದ ಕಾರ್ಟೂನುಗಳನ್ನೇ ನೆಚ್ಚಿತು. 2016ರಲ್ಲಿ ಶುರುವಾದ ‘ಡ್ರಾಮಾ ಜೂನಿಯರ್ಸ್’ ಟೀವಿ ಸ್ಪರ್ಧೆಯಲ್ಲಿ ಮಕ್ಕಳು ದೊಡ್ಡವರನ್ನು ಮೆಚ್ಚಿಸಲು ಆಡುತ್ತಾರೆ. ಚುರುಕಾಗಿಯೇ ಆಡುತ್ತಾರೆ, ನಿಜ. ಆದರೆ ಪಳಗಿದ ನಟ ಮಕ್ಕಳಿಗಾಗಿ ಆಡುವುದು ಬೇರೆಯೇ ಕಸುಬು.

ಸಿದ್ದಿಗಳ ಪೂರ್ವಿಕರು ಆಫ್ರಿಕದಿಂದ ಗುಲಾಮರಾಗಿ ಬಂದವರು, ಅವರು ಮೂಲನಿವಾಸಿಗಳು ಹೇಗಾದಾರು ಎಂದು ಯಾರಾದರೂ ಕೇಳಬಹುದು. ಕ್ಯಾರಲ್ ಜೊತೆಗಿನ ಹೋಲಿಕೆ ಅಲ್ಲಿ ತಪ್ಪುತ್ತದೆ, ಒಪ್ಪಿದೆ. ಆದರೆ ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ತಲೆಮಾರುಗಳಿಂದ ಇಲ್ಲಿನ ಕಾಡು-ತೋಟಗಳಲ್ಲಿ ದುಡಿದಿದ್ದಾರೆ. ಕತೆ ಹೇಳಲು ಬಂದವರಿಗೆ ವಂಶಾವಳಿ ಕೇಳುವುದು ಯಾವ ನ್ಯಾಯ? ಇನ್ನು ಜಾಹೀರಾತು ಸಿಗುವುದಿಲ್ಲ ಎಂಬ ಆಕ್ಷೇಪ. ಖಾಸಗಿ ವಾಹಿನಿಯ ಮಟ್ಟಿಗೆ ಅದು ಸರಿ. ದೂರದರ್ಶನಕ್ಕೆ ಆ ನೆಪ ಒಪ್ಪದು; ರಂಗನಟರನ್ನು ಕರೆಸಿದ ರೂಢಿಯೂ ಅದಕ್ಕಿದೆ: ಅಲ್ಲಿ 1980ರ ದಶಕದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗೆ ಶಂಕರ್‌ನಾಗ್ ಆಗುಂಬೆಯಲ್ಲಿ ಸೇರಿಸಿದ ಕಲಾವಿದರಲ್ಲಿ ರಂಗಭೂಮಿಯವರೇ ಎದ್ದು ಕಾಣುತ್ತಿದ್ದರು. ದೂರದರ್ಶನದ ಕನ್ನಡ ವಾಹಿನಿ ಚಂದನಕ್ಕೆ ಬೇಕಾಗುವುದು ವಾರಕ್ಕೆ ಅರ್ಧಗಂಟೆ, ಒಂದು ಚಾಪೆ, ಸಿದ್ದಿಗಳ ವಾದ್ಯ ದಮಾಮಿ ಮತ್ತು ಅದನ್ನು ನುಡಿಸಬಲ್ಲ ನಟ. ಜೊತೆಗಾರರು ಬೇಕೆಂದರೆ ನಮ್ಮ ಮಗ್ಗುಲಿನ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ ನಾಟಕ ತಂಡ 1997ರಿಂದ ತಿರುಗಾಟದಲ್ಲಿದೆ. ಅಲ್ಲಿ ಪಳಗಿದ ನಟರನ್ನೂ ಕರೆಯಬಹುದು.