ಮಣ್ಣಿನ ಗೋಡೆಗೆ ವಯಸ್ಸು ಕೇಳಬೇಡಿ

ಬಯಲು ವಸ್ತುಸಂಗ್ರಹಾಲಯದ ಮಾತೆತ್ತಿದರೆ ನಮ್ಮ ವಿಮರ್ಶಕರು ನೇರ ಮಣಿಪಾಲಕ್ಕೆ ಹೋಗಿ ನಿಲ್ಲುತ್ತಾರೆ. ವಿಜಯನಾಥ ಶೆಣೈ ಅವರ ಪಾರಂಪರಿಕ ಗ್ರಾಮಕ್ಕೆ ಸಲ್ಲುವ ಹೊಗಳಿಕೆ ನ್ಯಾಯವಾದದ್ದೇ. ಕುಕನೂರಿನ ಕಮಲ ಮಹಲನ್ನೂ ಮಿಯಾರಿನ ಮನೆಯನ್ನೂ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಸಾಹಸ ಅದು. ನನ್ನ ತಕರಾರಿರುವುದು, ಅದೇ ಅಳತೆಗೋಲು ಹಿಡಿದು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನ ಹಳ್ಳಿಯನ್ನು ಜಾತ್ರೆಯ ಸೆಟ್ ಎಂದು ತಳ್ಳಿಹಾಕುವವರೊಂದಿಗೆ.

1972ರ ‘ಏಷ್ಯಾ 72’ ಮೇಳಕ್ಕೆಂದು ಪ್ರಗತಿ ಮೈದಾನದಲ್ಲಿ ಕಟ್ಟಿದ ಮನೆಗಳಿವು, ಹಳೆಯವಲ್ಲ, ನಿಜ. ಆದರೆ ಅಲ್ಲಿರುವ, ಕಚ್ಛಿನ ಬನ್ನಿ ಪ್ರದೇಶದ ಮಾದರಿಯ ಮನೆಯ ಗೋಡೆಯ ಎದುರು ನಿಂತು ಯೋಚಿಸಿ. ಕಚ್ಛಿನಲ್ಲಿ ಹೆಂಗಸರು ಸಗಣಿ ಬೆರೆಸಿದ ಮಣ್ಣನ್ನು ಎಳೆಯಾಗಿ ಹೊಸೆದು, ಗೋಡೆಗೆ ಒತ್ತಿ, ನಡುನಡುವೆ ಕನ್ನಡಿ ಚೂರು ಕೂರಿಸುತ್ತಾರೆ. ಒಣಗಿದರೆ ಬಿರುಕು, ಮಳೆ ಬಂದರೆ ಸವೆತ, ಮತ್ತೆ ಸಾರಿಸಲೇಬೇಕು. ಹಾಗಾಗಿ ಒಮ್ಮೆ ಕಟ್ಟಿ ಮುಟ್ಟದೆ ಬಿಟ್ಟ ಹಳೆಯ ಗೋಡೆಯನ್ನು ಕಚ್ಛಿನಲ್ಲೂ ಹುಡುಕುವಂತಿಲ್ಲ. ಮಣ್ಣಿಗೆ ಸಗಣಿ ಎಷ್ಟು, ಹದ ಯಾವುದು, ಮೇಲಿನ ಪದರ ಯಾವಾಗ ಎಂಬ ತಿಳಿವಳಿಕೆ ಮಾತ್ರ ಕೈಯಿಂದ ಕೈಗೆ ದಾಟಿ ಹಳೆಯದಾಗಿ ಉಳಿಯುತ್ತದೆ. ತೇಗದ ಕಂಬಕ್ಕೆ ನಂಬರು ಬರೆದು ಲಾರಿಗೇರಿಸಬಹುದು. ಈ ಹದವನ್ನು ಆಗದು.

ಹಳೆಯ ಮರಮುಟ್ಟೇ ಅಸಲಿಯತ್ತಿನ ಗುರುತಾದರೆ, ಮರಮುಟ್ಟು ಕೊಳ್ಳಬಲ್ಲವರ ಮನೆಗಳಷ್ಟೇ ಉಳಿಯುತ್ತವೆ. ಮಣಿಪಾಲದಲ್ಲಿ ಮುಧೋಳದ ಅರಮನೆಯ ದರ್ಬಾರು ಒಳಗೆ ಬರುತ್ತದೆ, ಕೂಲಿಯವನ ಗುಡಿಸಲು ಹೊರಗುಳಿಯುತ್ತದೆ. ನಮ್ಮ ವಿಮರ್ಶಕರು ಈ ಪಕ್ಷಪಾತವನ್ನೇ ಅಭಿರುಚಿ ಎಂದು ಭಾವಿಸಿದ್ದಾರೆ. 1918ರಲ್ಲಿ ತೆರೆದು, ರೈತರ ಮನೆ, ಗಾಳಿಗಿರಣಿಗಳನ್ನು ಕೂಡಿಹಾಕಿದ ನೆದರ್ಲೆಂಡ್ಸ್‌ನ ಆರ್ನೆಮ್ ಬಯಲು ಸಂಗ್ರಹಾಲಯ ಕೂಡ ಅಲ್ಲಿಗೇ ನಿಲ್ಲಲಿಲ್ಲ. ಮಲುಕು ದ್ವೀಪಗಳಿಂದ ಬಂದ ಸೈನಿಕರ ಕುಟುಂಬಗಳು ಬಾಳಿದ ಬ್ಯಾರಕ್ಕಿಗೂ ಜಾಗ ಕೊಟ್ಟಿತು. ದೆಹಲಿಯ ಸರೋಜಿನಿ ನಗರದಲ್ಲಿ ಕೂತು ಬರೆಯುವ ನನಗೆ ಇದು ಮನೆಬಾಗಿಲಿನ ಪ್ರಶ್ನೆ. ಇಲ್ಲಿ ಗುಮಾಸ್ತರ ಹಳೆಯ ಕ್ವಾರ್ಟರ್ಸ್ ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸುತ್ತಿದ್ದಾರೆ. ಕೆತ್ತನೆಯ ಕಂಬವಿಲ್ಲದ ಆ ಮನೆಗಳಲ್ಲಿ ಒಂದನ್ನಾದರೂ ಉಳಿಸಿ ಎಂದು ಇದೇ ವಿಮರ್ಶಕರಲ್ಲಿ ಯಾರೂ ಬರೆದದ್ದನ್ನು ನಾನು ಓದಿಲ್ಲ.

ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ದೋಷವಿಲ್ಲವೆಂದಲ್ಲ. ಚಿತ್ರಗಾರ್ತಿ ಗಂಗಾದೇವಿ ಅಲ್ಲಿ ಬಿಡಿಸಿದ್ದ ಮಿಥಿಲೆಯ ಕೊಹ್ಬರ್, ಅಂದರೆ ಮದುವೆ ಕೋಣೆಯ ಗೋಡೆಚಿತ್ರಗಳು 2015ರ ನವೀಕರಣದಲ್ಲಿ ನಾಶವಾದವು. ಗೋಡೆ ಹೊಸದಾದದ್ದು ತಪ್ಪಲ್ಲ. ಅದಕ್ಕೆ ಜೀವ ಕೊಟ್ಟ ಕೈಯನ್ನು ಲೆಕ್ಕಕ್ಕಿಡದೆ ಹೊಸದಾದದ್ದು ತಪ್ಪು. ಆದ್ದರಿಂದ ಆ ಹಳ್ಳಿಯನ್ನು ಅಳೆಯಬೇಕಾದದ್ದು ಹೀಗೆ: ಪ್ರತಿ ಮಳೆಗಾಲ ಮುಗಿದ ಮೇಲೆ ಕಚ್ಛಿನ ಹೆಂಗಸರನ್ನು ಕರೆಸಿ, ತಕ್ಕ ಕೂಲಿ ಕೊಟ್ಟು, ಅವರ ಹೆಣ್ಣುಮಕ್ಕಳನ್ನು ಜೊತೆಗಿರಿಸಿ ಗೋಡೆ ಸಾರಿಸಿದರೆ ಅದು ಮಣಿಪಾಲಕ್ಕೆ ಸರಿಸಮನಾದ ಸಂರಕ್ಷಣೆ. ಆ ಕೆಲಸವನ್ನು ಕಂತ್ರಾಟುದಾರನಿಗೆ ಒಪ್ಪಿಸಿದ ದಿನ ಮಾತ್ರ ಅದನ್ನು ಸೆಟ್ ಎನ್ನಿ.